ಜಿಗಿಹುಳು ಯಾವ ಜಾತಿ? ಚುಕ್ಕೆ ನೋಡಿ ಹೇಳಬಹುದಾ? – ಪ್ರಶ್ನೋತ್ತರ

ಪ್ರಶ್ನೆ – ಮಾವು ಬೆಳೆಗಾರ, ಶ್ರೀನಿವಾಸಪುರ

ಸರ್ ನಮಸ್ಕಾರ. ನಮ್ಮದು ಆರು ಎಕರೆ ಮಾವು, ಬಾದಾಮಿ ಮತ್ತು ತೋತಾಪುರಿ. ಹೂ ಚೆನ್ನಾಗಿ ಬಂದಿದೆ, ಆದರೆ ಮರದ ಕೆಳಗೆ ಹೋದರೆ ಸಾಕು, ಚಟಪಟ ಅಂತ ಹುಳು ಮುಖಕ್ಕೆ ಹಾರುತ್ತವೆ. ಎಲೆಯೆಲ್ಲ ಅಂಟು ಅಂಟು, ಅದರ ಮೇಲೆ ಕಪ್ಪು ಬೂಷ್ಟು. ನಾಲ್ಕು ಹುಳು ಹಿಡಿದು ಒಂದು ಔಷಧಿ ಅಂಗಡಿಯಲ್ಲಿ ತೋರಿಸಿದೆ. ಇದು ಕಂದು ಜಿಗಿಹುಳು, ಭತ್ತಕ್ಕೆ ಬರುವುದೇ ಇದು ಅಂದರು, ಭತ್ತದ ಔಷಧಿಯನ್ನೇ ಕೊಟ್ಟರು. ಹೊಡೆದೆ, ದುಡ್ಡು ಹೋಯಿತು, ಹುಳು ಹೋಗಲಿಲ್ಲ. ಮಗ ಮೊಬೈಲಿನಲ್ಲಿ ಫೋಟೊ ಹಾಕಿ ನೋಡಿದರೆ ಇನ್ನೊಂದು ಹೆಸರು ಬಂತು. ಎರಡು ಫೋಟೊ ಹಾಕಿದ್ದೇನೆ. ಮೊದಲನೆಯದರಲ್ಲಿ ಬೆನ್ನಿನ ಮೇಲೆ ಮೂರು ಕಪ್ಪು ಚುಕ್ಕೆ ಇವೆ, ಎರಡನೆಯದರಲ್ಲಿ ಎರಡೇ ಚುಕ್ಕೆ, ಹುಳುವೂ ಸ್ವಲ್ಪ ದಪ್ಪ. ಒಂದೇ ಹುಳುವಾ, ಬೇರೆ ಬೇರೆಯಾ? ಹೆಸರೇನು?

ಉತ್ತರ – ಕೀಟ ವರ್ಗೀಕರಣ ಮಾಡುವವನು

ನಮಸ್ಕಾರ. ಫೋಟೊ ಚೆನ್ನಾಗಿ ಬಂದಿವೆ. ಚುಕ್ಕೆ ಎಣಿಸಿದ್ದೀರಲ್ಲ, ಅದು ತುಂಬಾ ಒಳ್ಳೆಯದಾಯಿತು. ಹೆಸರಿಗೆ ಬರುತ್ತೇನೆ, ಅದಕ್ಕೂ ಮೊದಲು ಅಂಗಡಿಯಲ್ಲಿ ಹೇಳಿದ ಮಾತನ್ನು ಸರಿಮಾಡಬೇಕು, ಏಕೆಂದರೆ ಈ ತಪ್ಪು ನಮ್ಮಲ್ಲಿ ಬಹಳ ಕಡೆ ಆಗುತ್ತದೆ.

ಕನ್ನಡದಲ್ಲಿ ನಾವು ಜಿಗಿಯುವ ಎಲ್ಲದಕ್ಕೂ ಜಿಗಿಹುಳು ಅನ್ನುತ್ತೇವೆ. ಭತ್ತದ ಕಂದು ಜಿಗಿಹುಳು, ಭತ್ತದ ಹಸಿರು ಜಿಗಿಹುಳು, ಮಾವಿನ ಜಿಗಿಹುಳು, ಹತ್ತಿಯ ಜಿಗಿಹುಳು. ಹೆಸರು ಒಂದೇ, ಮನೆತನ ಒಂದೇ ಅಲ್ಲ. ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಯನ್ನು ಸುಟ್ಟ ಹಾಗೆ ಮಾಡುವ ಕಂದು ಜಿಗಿಹುಳು, ಅಂದರೆ ನೀಲಪರ್ವತ ಲುಜೆನ್ಸ್, ಡೆಲ್ಫಾಸಿಡೇ ಅನ್ನುವ ಕುಟುಂಬದ್ದು. ನಿಮ್ಮ ಮಾವಿನ ಹುಳು ಸಿಕಾಡೆಲ್ಲಿಡೇ ಕುಟುಂಬದ್ದು. ಇಂಗ್ಲಿಷಿನಲ್ಲಿ ಮೊದಲನೆಯದನ್ನು ಪ್ಲಾಂಟ್‌ಹಾಪರ್, ಎರಡನೆಯದನ್ನು ಲೀಫ್‌ಹಾಪರ್ ಅಂತ ಬೇರೆ ಮಾಡುತ್ತಾರೆ. ನಮ್ಮಲ್ಲಿ ಆ ಬೇರೆ ಪದ ಬಳಕೆಗೆ ಬಂದಿಲ್ಲ, ಹಾಗಾಗಿ ಈ ಗೊಂದಲ.

ಇವೆರಡನ್ನೂ ಬೇರೆ ಮಾಡಲು ಮೈಕ್ರೋಸ್ಕೋಪ್ ಬೇಡ. 10 ಪಟ್ಟು ಹಿಗ್ಗಿಸುವ ಒಂದು ಕೈ ಲೆನ್ಸ್ ಸಾಕು. ಹಿಂಗಾಲು ನೋಡಿ. ಕಾಲಿನ ಉದ್ದನೆಯ ಭಾಗ ಇರುತ್ತದಲ್ಲ, ನಮ್ಮ ಕಾಲಲ್ಲಿ ಮೊಣಕಾಲಿನಿಂದ ಕೆಳಗೆ ಇರುವ ಹಾಗೆ, ಅದಕ್ಕೆ ಟಿಬಿಯಾ ಅನ್ನುತ್ತೇವೆ. ಮಾವಿನ ಹುಳುವಿನಲ್ಲಿ ಈ ಟಿಬಿಯಾ ಉದ್ದಕ್ಕೂ ಸಾಲು ಸಾಲಾಗಿ ಮುಳ್ಳುಗಳಿವೆ, ಬಾಚಣಿಗೆಯ ಹಲ್ಲಿನ ಹಾಗೆ. ಸಿಕಾಡೆಲ್ಲಿಡೇ ಕುಟುಂಬದ ಗುರುತೇ ಅದು. ಭತ್ತದ ಕಂದು ಹುಳುವಿನಲ್ಲಿ ಇಂಥ ಸಾಲು ಇರುವುದಿಲ್ಲ, ಬದಲಿಗೆ ಟಿಬಿಯಾದ ತುದಿಯಲ್ಲಿ ಅಲುಗಾಡುವ ಒಂದು ದೊಡ್ಡ ಮುಳ್ಳು ಇರುತ್ತದೆ, ಕೋಳಿ ಹುಂಜದ ಕಾಲಿನ ಮುಳ್ಳನ್ನು ನೆನೆಸಿಕೊಳ್ಳಿ. ಆಮೇಲೆ ಕುಡಿಮೀಸೆ ನೋಡಿ. ಕಂದು ಹುಳುವಿನಲ್ಲಿ ಅದು ಕಣ್ಣಿನ ಕೆಳಗೆ ಹುಟ್ಟುತ್ತದೆ, ಬುಡ ದಪ್ಪಗೆ ಊದಿರುತ್ತದೆ. ಲೀಫ್‌ಹಾಪರಿನಲ್ಲಿ ಅದು ಎರಡು ಕಣ್ಣುಗಳ ನಡುವೆ, ಮುಖದ ಮೇಲೆ, ಸಣ್ಣ ಕೂದಲೆಳೆಯ ಹಾಗಿರುತ್ತದೆ.

ಈಗ ನಿಮ್ಮ ಹುಳು. ತಲೆ ಅಗಲ, ಮೈ ಹಿಂದಕ್ಕೆ ಹೋಗುತ್ತ ಮೊನಚು, ಮೇಲಿಂದ ನೋಡಿದರೆ ಬೆಣೆಯ ಹಾಗಿದೆ. ಮೇಲಿಂದ ನೋಡಿದಾಗ ನೆತ್ತಿ ಬಹಳ ಕಿರಿದು, ತಲೆಯ ಜಾಸ್ತಿ ಭಾಗ ಮುಖದ ಕಡೆಗೆ ಮಡಚಿದ ಹಾಗಿದೆ. ಎದುರಿನಿಂದ ನೋಡಿದರೆ ಎರಡು ದೊಡ್ಡ ಕಣ್ಣುಗಳ ನಡುವೆ ಮುಖದ ಮೇಲೆ ಎರಡು ಪುಟ್ಟ ಕಣ್ಣುಗಳು ಮಣಿಯ ಹಾಗೆ ಹೊಳೆಯುತ್ತವೆ. ಈ ಪುಟ್ಟ ಕಣ್ಣುಗಳಿಗೆ ಓಸೆಲೈ ಅನ್ನುತ್ತೇವೆ. ಅವು ಎಲ್ಲಿ ಕೂತಿವೆ ಎನ್ನುವುದು ಗುರುತಿಸುವ ಕೆಲಸದಲ್ಲಿ ಬಹಳ ಮುಖ್ಯ. ಮುಖದ ಮೇಲೆ ಇದ್ದು, ಮೈ ಹೀಗೆ ಬೆಣೆಯ ಹಾಗಿದ್ದರೆ ಇಡಿಯೊಸೆರಿನೇ ಗುಂಪು, ಮಾವಿನ ಜಿಗಿಹುಳುಗಳ ಗುಂಪು.

ಇನ್ನು ಚುಕ್ಕೆ. ಎರಡು ರೆಕ್ಕೆ ಶುರುವಾಗುವ ಜಾಗದ ನಡುವೆ ಬೆನ್ನಿನ ಮೇಲೆ ಒಂದು ತ್ರಿಕೋನದ ಫಲಕ ಇದೆಯಲ್ಲ, ಅದು ಸ್ಕುಟೆಲಮ್. ಮೂರು ಚುಕ್ಕೆ ಇದ್ದು, ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿ ಕಂಡರೆ ಇಡಿಯೊಸ್ಕೋಪಸ್ ನಿಟಿಡ್ಯುಲಸ್. ನಿಮ್ಮ ಮೊದಲ ಫೋಟೊ ಇದೇ ಅನಿಸುತ್ತದೆ. ಸ್ಕುಟೆಲಮ್ಮಿನಲ್ಲಿ ಎರಡು ಚುಕ್ಕೆ, ಹುಳು ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು, ತಿಳಿ ಕಂದು ಬಣ್ಣ, ಹಾಗಿದ್ದರೆ ಅಮೃತೋಡಸ್ ಅಟ್ಕಿನ್ಸೋನಿ. ಎರಡನೆಯ ಫೋಟೊ ಆ ಕಡೆಗೆ ಹೋಗುತ್ತದೆ. ಇನ್ನೊಂದು ಇದೆ, ಇಡಿಯೊಸ್ಕೋಪಸ್ ಕ್ಲೈಪಿಯಾಲಿಸ್. ಅದಕ್ಕೂ ಸ್ಕುಟೆಲಮ್ಮಿನಲ್ಲಿ ಎರಡೇ ಚುಕ್ಕೆ, ಆದರೆ ಅದು ಮೂರರಲ್ಲಿ ಚಿಕ್ಕದು, ಜೊತೆಗೆ ನೆತ್ತಿಯ ಮೇಲೂ ಕಪ್ಪು ಚುಕ್ಕೆ ಇರುತ್ತದೆ. ಒಂದೇ ತೋಟದಲ್ಲಿ, ಒಂದೇ ಮರದಲ್ಲಿ ಇವು ಬೆರೆತು ಇರುವುದು ಸಾಮಾನ್ಯ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಬೇರೆ ಬೇರೆ, ಕನಿಷ್ಠ ಎರಡು ಜಾತಿ.

ಆದರೆ ನಾನು "ಅನಿಸುತ್ತದೆ" ಅಂತ ಬರೆದದ್ದನ್ನು ಗಮನಿಸಿ. ಚುಕ್ಕೆ ನೋಡಿ ಹೇಳುವುದು ಒಳ್ಳೆಯ ಊಹೆ, ಅಷ್ಟೇ. ಆಗತಾನೆ ಪೊರೆ ಕಳಚಿದ ಹುಳುವಿನಲ್ಲಿ ಚುಕ್ಕೆ ಮಸುಕಾಗಿರುತ್ತದೆ, ಕೆಲವದರಲ್ಲಿ ಎರಡು ಚುಕ್ಕೆ ಕೂಡಿಕೊಂಡಿರುತ್ತವೆ. ಮಾವಿನ ಮೇಲೆಯೇ ಇಡಿಯೊಸ್ಕೋಪಸ್ ನಾಗ್ಪುರೆನ್ಸಿಸ್ ಅನ್ನುವುದೂ ಇದೆ. ಖಚಿತವಾಗಿ ಹೆಸರು ಬರೆಯಬೇಕಾದರೆ ಗಂಡು ಹುಳುವಿನ ಹೊಟ್ಟೆಯ ತುದಿ ಬಿಚ್ಚಿ ನೋಡಲೇಬೇಕು. ನಿಮಗೆ ಅಷ್ಟು ಬೇಕಿಲ್ಲ, ನಿಮ್ಮ ತೋಟದ ಕೆಲಸಕ್ಕೆ "ಮಾವಿನ ಜಿಗಿಹುಳು, ಭತ್ತದ್ದಲ್ಲ" ಅನ್ನುವುದು ಗೊತ್ತಾದರೆ ಸಾಕು. ಹೂ ಇಲ್ಲದ ತಿಂಗಳುಗಳಲ್ಲಿ ಇವು ತೊಗಟೆಯ ಬಿರುಕುಗಳಲ್ಲಿ ಅಡಗಿರುತ್ತವೆ, ಅಮೃತೋಡಸ್ ಅಂತೂ ಕಾಂಡದ ಮೇಲೆ ಜಾಸ್ತಿ ಸಿಗುತ್ತದೆ. ಆದ್ದರಿಂದ ಮುಂದಿನ ಸಲ ಹೂ ಬರುವ ಮೊದಲೇ ಕಾಂಡ ನೋಡಿ, ಒತ್ತಾಗಿ ಬೆಳೆದ ಒಳಗಿನ ರೆಂಬೆ ಸವರಿ ಗಾಳಿ ಬೆಳಕು ಆಡುವ ಹಾಗೆ ಮಾಡಿ. ನೆರಳು, ತೇವ ಇರುವ ದಟ್ಟ ತೋಟ ಇವಕ್ಕೆ ಬಹಳ ಇಷ್ಟ. ಔಷಧಿ ಯಾವುದು, ಎಷ್ಟು ಅನ್ನುವುದನ್ನು ನಿಮ್ಮ ತಾಲೂಕಿನ ತೋಟಗಾರಿಕೆ ಅಧಿಕಾರಿಗಳನ್ನು ಕೇಳಿ, ಹೂ ಪೂರ್ತಿ ಅರಳಿದ ಹೊತ್ತಿನಲ್ಲಿ ಮಾತ್ರ ಹೊಡೆಯಬೇಡಿ, ಪರಾಗಸ್ಪರ್ಶ ಮಾಡುವ ನೊಣ, ಜೇನು ಸತ್ತರೆ ಕಾಯಿಯೇ ಕಟ್ಟುವುದಿಲ್ಲ.

ಪ್ರಶ್ನೆ – ಅದೇ ಬೆಳೆಗಾರ

ಲೆನ್ಸ್ ತಂದು ಹಿಂಗಾಲು ನೋಡಿದೆ ಸರ್. ಬಾಚಣಿಗೆ ಹಲ್ಲು ಅಂದಿರಲ್ಲ, ಹಾಗೇ ಇದೆ. ಇಷ್ಟು ವರ್ಷ ತೋಟ ಮಾಡಿದ್ದೇನೆ, ಒಂದು ದಿನವೂ ಇದರ ಕಾಲು ನೋಡಿರಲಿಲ್ಲ. ಇನ್ನೊಂದು ಅನುಮಾನ. ಮಗ ಹುಡುಕಿದಾಗ ಒಂದು ಕಡೆ ನಿವಿಯೋಸ್ಪಾರ್ಸಸ್ ಅಂತ ಇದೆ, ನೀವು ನಿಟಿಡ್ಯುಲಸ್ ಅಂದಿರಿ. ಎರಡೂ ಬೇರೆಯಾ?

ಉತ್ತರ

ಎರಡೂ ಒಂದೇ ಹುಳು. ಒಂದೇ ಜಾತಿಗೆ ಇಬ್ಬರು ಬೇರೆ ಬೇರೆ ಸಮಯದಲ್ಲಿ ಹೆಸರಿಟ್ಟಿದ್ದಾರೆ. 1870ರಲ್ಲಿ ವಾಕರ್ ನಿಟಿಡ್ಯುಲಸ್ ಅಂದರು, 1889ರಲ್ಲಿ ಲೆಥಿಯರಿ ನಿವಿಯೋಸ್ಪಾರ್ಸಸ್ ಅಂದರು. ಮೊದಲು ಇಟ್ಟ ಹೆಸರೇ ನಿಲ್ಲಬೇಕು ಅನ್ನುವುದು ನಿಯಮ. ಹಳೆಯ ಕೃಷಿ ಪುಸ್ತಕಗಳಲ್ಲಿ ಎರಡನೆಯ ಹೆಸರೇ ಜಾಸ್ತಿ ಸಿಗುತ್ತದೆ, ಗಾಬರಿ ಬೇಡ.

ಪ್ರಶ್ನೆ – ಕೀಟಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿನಿ

ಸರ್, "ಗಂಡು ಹುಳುವಿನ ಹೊಟ್ಟೆ ತುದಿ ಬಿಚ್ಚಿ ನೋಡಲೇಬೇಕು" ಅಂದಿರಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ನಾನು ಈ ವರ್ಷ ಭತ್ತದ ಹಸಿರು ಜಿಗಿಹುಳು ಮೇಲೆ ಕೆಲಸ ಶುರು ಮಾಡಿದ್ದೇನೆ. ನೆಫೊಟೆಟಿಕ್ಸ್ ವೈರೆಸೆನ್ಸ್ ಮತ್ತು ನೈಗ್ರೊಪಿಕ್ಟಸ್ ಎರಡನ್ನೂ ಬೇರೆ ಮಾಡುವುದರಲ್ಲೇ ಸೋತು ಹೋಗಿದ್ದೇನೆ. ಬಣ್ಣ ನೋಡಿ ಬೇರೆ ಮಾಡಿ ಡಬ್ಬಿಗೆ ಹಾಕುತ್ತೇನೆ, ಮರುದಿನ ನೋಡಿದರೆ ನನಗೇ ಅನುಮಾನ. ಮೊದಲ ಮೂರು ಬಾರಿ ಬಿಚ್ಚಲು ಹೋಗಿ ಹಾಳು ಮಾಡಿದ್ದೇನೆ. ಮೊನ್ನೆ ಲ್ಯಾಬಿನಲ್ಲಿ ಒಬ್ಬರು ಇಷ್ಟೆಲ್ಲ ಏಕೆ, ಹಸಿರು ಜಿಗಿಹುಳು ಅಂತ ಬರೆದುಬಿಡಿ ಅಂದರು.

ಉತ್ತರ

ಹಾಗೆ ಬರೆದುಬಿಡಬೇಡಿ. ನೀವು ಸೋತಿಲ್ಲ, ಸರಿಯಾದ ಜಾಗದಲ್ಲೇ ಅನುಮಾನ ಪಟ್ಟಿದ್ದೀರಿ. ಭತ್ತದ ತುಂಗ್ರೋ ರೋಗ ಹರಡುವುದರಲ್ಲಿ ವೈರೆಸೆನ್ಸ್ ಎಲ್ಲಕ್ಕಿಂತ ಮುಂದು, ನೈಗ್ರೊಪಿಕ್ಟಸ್ ಅಷ್ಟು ಸಮರ್ಥವಲ್ಲ. ಗದ್ದೆಯಲ್ಲಿ ಸಿಕ್ಕ ನೂರು ಹುಳುಗಳಲ್ಲಿ ಯಾವುದು ಎಷ್ಟು ಅನ್ನುವುದರ ಮೇಲೆ ರೋಗದ ಭಯ ಎಷ್ಟು ಅನ್ನುವುದು ನಿಂತಿದೆ. ಎರಡನ್ನೂ ಒಂದೇ ಹೆಸರಿನಲ್ಲಿ ಎಣಿಸಿದರೆ ಆ ಎಣಿಕೆಯಿಂದ ಏನು ಪ್ರಯೋಜನ, ಅಲ್ವಾ?

ಮೊದಲು ಹೊರಗಿನಿಂದ. ನೈಗ್ರೊಪಿಕ್ಟಸ್‌ನಲ್ಲಿ ನೆತ್ತಿಯ ಮುಂದಿನ ಅಂಚಿಗೆ ಸ್ವಲ್ಪ ಹಿಂದೆ, ಒಂದು ಕಣ್ಣಿನ ಕಡೆಯಿಂದ ಇನ್ನೊಂದು ಕಣ್ಣಿನ ಕಡೆಗೆ ಒಂದು ಕಪ್ಪು ಪಟ್ಟಿ ಹೋಗಿರುತ್ತದೆ. ಪ್ರೊನೋಟಮ್ಮಿನ, ಅಂದರೆ ತಲೆಯ ಹಿಂದಿನ ಬೆನ್ನಿನ ಫಲಕದ ಮುಂದಿನ ಅಂಚೂ ಕಪ್ಪು. ವೈರೆಸೆನ್ಸ್‌ನಲ್ಲಿ ನೆತ್ತಿಯ ಆ ಪಟ್ಟಿ ಇರುವುದಿಲ್ಲ. ರೆಕ್ಕೆಯ ನಡುವೆ ಇರುವ ಕಪ್ಪು ಮಚ್ಚೆಯೂ ನೋಡಿ. ನೈಗ್ರೊಪಿಕ್ಟಸ್ ಗಂಡಿನಲ್ಲಿ ಅದು ರೆಕ್ಕೆಯ ಒಳಗಿನ ಗೆರೆಯನ್ನು, ಕ್ಲೇವಲ್ ಸೂಚರ್ ಅನ್ನುತ್ತೇವಲ್ಲ, ಅದನ್ನು ಮುಟ್ಟುವಷ್ಟು ಹರಡಿರುತ್ತದೆ, ವೈರೆಸೆನ್ಸ್‌ನಲ್ಲಿ ಸಾಮಾನ್ಯವಾಗಿ ಮುಟ್ಟುವುದಿಲ್ಲ. "ಸಾಮಾನ್ಯವಾಗಿ" ಅನ್ನುವ ಈ ಪದದಲ್ಲೇ ನಿಮ್ಮ ಕಷ್ಟ ಇರುವುದು. ಮಚ್ಚೆ ಹುಳುವಿನಿಂದ ಹುಳುವಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಹೆಣ್ಣಿನಲ್ಲಿ ಕಪ್ಪು ಬಹಳ ಕಮ್ಮಿ, ರೆಕ್ಕೆಯ ತುದಿಯೂ ಮಾಸಲು. ಇನ್ನೊಂದು, ನೀವು ಹುಳುಗಳನ್ನು ಆಲ್ಕೋಹಾಲಿಗೆ ಹಾಕಿದ್ದರೆ ಹಸಿರು ಕರಗಿ ಹಳದಿಯಾಗಿಬಿಡುತ್ತದೆ. ಮರುದಿನ ಅನುಮಾನ ಬರಲು ಅದೂ ಒಂದು ಕಾರಣ ಇರಬಹುದು.

ಈಗ ಒಳಗೆ. ಗಂಡಿನ ಹೊಟ್ಟೆಯ ತುದಿಯಲ್ಲಿರುವ ಜನನಾಂಗದ ಗಟ್ಟಿ ಭಾಗಗಳು ಬಣ್ಣದ ಹಾಗೆ ದಿನಕ್ಕೊಂದು ರೀತಿ ಇರುವುದಿಲ್ಲ. ಆಕಾರ ಜಾತಿಗೆ ತಕ್ಕ ಹಾಗೆ ಸ್ಥಿರ. ಅದಕ್ಕೇ ನಾವು ಅಷ್ಟು ಸಣ್ಣ ಜಾಗಕ್ಕೆ ಅಷ್ಟು ಬೆಲೆ ಕೊಡುವುದು. ಹಿಂದೆ ಬ್ರಿಟಿಷರ ಕಾಲದಲ್ಲಿ ಡಿಸ್ಟಂಟ್ ಅನ್ನುವವರು ಭಾರತದ ಈ ಹುಳುಗಳನ್ನು ದೊಡ್ಡ ಪ್ರಮಾಣದಲ್ಲಿ ವರ್ಣಿಸಿದರು, ಅವರ 1908ರ ಸಂಪುಟ ಇವತ್ತಿಗೂ ನಮ್ಮ ಮೇಜಿನ ಮೇಲೆ ಇರುತ್ತದೆ. ಆದರೆ ಆ ವರ್ಣನೆಯೆಲ್ಲ ಹೆಚ್ಚಾಗಿ ಹೊರಗಿನ ಬಣ್ಣ, ಆಕಾರದ್ದು. ಹಾಗಾಗಿ ಆಮೇಲೆ ಬಂದವರು ಮೂಲ ಮಾದರಿಗಳನ್ನೇ ಮತ್ತೆ ತೆಗೆದು, ಗಂಡಿನ ಅಂಗ ನೋಡಿ, ಒಂದೊಂದನ್ನೂ ಸರಿಮಾಡಬೇಕಾಯಿತು. ಹೇಮ್ ಸಿಂಗ್ ಪ್ರುತಿ 1925ರಲ್ಲೇ ಈ ಗುಂಪಿನ ಗಂಡು ಅಂಗಗಳ ರಚನೆಯ ಬಗ್ಗೆ ದೊಡ್ಡ ಅಧ್ಯಯನ ಮಾಡಿದ್ದರು. ನಮ್ಮ ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ಸಿ. ಎ. ವಿರಕ್ತಮಠ ಅವರು ದಶಕಗಳ ಕಾಲ ಇದೇ ಕೆಲಸ ಮಾಡಿ, ಭಾರತದ ಎಷ್ಟೋ ಹೊಸ ಜಾತಿಗಳಿಗೆ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಅಮೃತೋಡಸ್ ಬ್ರೆವಿಸ್ಟೈಲಸ್ ಒಂದು. ಹೆಸರಿನ ಅರ್ಥವೇ "ಗಿಡ್ಡ ಸ್ಟೈಲ್ ಉಳ್ಳದ್ದು". ಸ್ಟೈಲ್ ಅಂದರೆ ಗಂಡಿನ ಅಂಗದ ಒಂದು ಭಾಗ. ಹೊರಗಿನಿಂದ ಅಟ್ಕಿನ್ಸೋನಿಯ ಹಾಗೇ ಕಾಣುವ ಹುಳುವಿಗೆ, ಬಿಚ್ಚಿ ನೋಡಿದ ಮೇಲೆ ಸಿಕ್ಕ ಗುರುತಿನಿಂದಲೇ ಹೆಸರು ಬಂದಿದೆ ನೋಡಿ.

ಕೈ ಕೆಲಸ ಹೀಗೆ ಮಾಡಿ. ಮೊದಲು ಗಂಡು ಹೌದಾ ಅಂತ ಖಚಿತ ಮಾಡಿಕೊಳ್ಳಿ. ಹುಳುವನ್ನು ಮಗುಚಿ ಹೊಟ್ಟೆಯ ಕೆಳಭಾಗ ನೋಡಿ. ಹೆಣ್ಣಾದರೆ ಮೊಟ್ಟೆ ಇಡುವ ಗರಗಸದ ಹಾಗಿನ ಕೊಳವೆ ನಡುವೆ ಉದ್ದಕ್ಕೆ ಕಾಣುತ್ತದೆ. ಗಂಡಾದರೆ ಎರಡು ಚಿಕ್ಕ ತಟ್ಟೆಗಳು ಜೋಡಿಯಾಗಿ ತುದಿಯನ್ನು ಮುಚ್ಚಿರುತ್ತವೆ, ಸಬ್‌ಜೆನಿಟಲ್ ಪ್ಲೇಟ್. ಗಂಡಿನ ಹೊಟ್ಟೆಯನ್ನು ಸಣ್ಣ ಸೂಜಿಯಿಂದ ಬುಡದಲ್ಲಿ ಮೆಲ್ಲಗೆ ಬಿಡಿಸಿ, ಶೇಕಡಾ 10ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣಕ್ಕೆ ಹಾಕಿ. ಅವಸರ ಇಲ್ಲದಿದ್ದರೆ ರಾತ್ರಿಯಿಡೀ ಹಾಗೇ ಬಿಡಿ. ಅವಸರ ಇದ್ದರೆ ಬಿಸಿ ನೀರಿನ ಪಾತ್ರೆಯೊಳಗೆ ಆ ಸಣ್ಣ ಕೊಳವೆ ಇಟ್ಟು ಕೆಲವು ನಿಮಿಷ ಬಿಸಿ ಮಾಡಿ. ನೇರ ಉರಿಯ ಮೇಲೆ ಹಿಡಿಯಬೇಡಿ, ಅದು ಚಿಮ್ಮುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಕನ್ನಡಕ ಹಾಕಿಕೊಳ್ಳಿ. ಮಾಂಸ, ಕೊಬ್ಬು ಎಲ್ಲ ಕರಗಿ ಚಿಪ್ಪು ಮಾತ್ರ ತಿಳಿಯಾಗಿ ಉಳಿಯುತ್ತದೆ. ನೀರಿನಲ್ಲಿ ಚೆನ್ನಾಗಿ ತೊಳೆದು, ಗುಳಿ ಇರುವ ಗಾಜಿನ ಸ್ಲೈಡಿನಲ್ಲಿ ಒಂದು ಹನಿ ಗ್ಲಿಸರಿನ್ ಹಾಕಿ ಅದರೊಳಗೆ ಇಡಿ.

ನೀವು ಮೂರು ಹಾಳು ಮಾಡಿದ್ದು ಬಹುಶಃ ಇಲ್ಲಿ. ಜಾಸ್ತಿ ಹೊತ್ತು ಕಾಯಿಸಿದರೆ ಎಲ್ಲ ಬೆಳ್ಳಗಾಗಿ ಪಾರದರ್ಶಕ ಆಗುತ್ತದೆ, ಅಂಚೇ ಕಾಣುವುದಿಲ್ಲ. ಕಮ್ಮಿ ಕಾಯಿಸಿದರೆ ಸೂಜಿ ಹಾಕಿದಾಗ ಮಾಂಸದ ಜೊತೆ ಅಂಗವೂ ಹರಿದು ಬರುತ್ತದೆ. ಕಂದು ಬಣ್ಣ ಇನ್ನೂ ಉಳಿದಿರುವಾಗಲೇ ತೆಗೆದುಬಿಡಿ.

ನೋಡುವಾಗ ಈ ಕ್ರಮ ನನಗೆ ಅನುಕೂಲ. ಹೊರಗಿನ ಡಬ್ಬಿಯಂತಿರುವುದು ಪೈಗೊಫರ್, ಅದರ ಅಂಚಿನಲ್ಲಿ ಮುಳ್ಳು ಅಥವಾ ಕೊಂಬಿನಂಥ ಭಾಗ ಇದೆಯಾ ನೋಡಿ. ಆಮೇಲೆ ತಟ್ಟೆಗಳು, ಅವುಗಳ ಮೇಲಿನ ಕೂದಲು ಯಾವ ಸಾಲಿನಲ್ಲಿದೆ ನೋಡಿ. ಒಳಗೆ ಎರಡು ಸ್ಟೈಲ್, ಅವುಗಳ ತುದಿಯ ಆಕಾರ. ಅವುಗಳನ್ನು ಸೇರಿಸುವ ಕನೆಕ್ಟಿವ್, ಅದು ವೈ ಆಕಾರವಾ, ಯು ಆಕಾರವಾ. ಕೊನೆಗೆ ನಡುವಿನ ಈಡೀಗಸ್, ಅಂದರೆ ಗಂಡಿನ ಶಿಶ್ನ, ಎಲ್ಲಕ್ಕಿಂತ ಜಾಸ್ತಿ ಹೇಳುವುದು ಇದೇ. ನೆಫೊಟೆಟಿಕ್ಸ್‌ನಲ್ಲಿ ಈಡೀಗಸ್‌ನ ದಂಡದ ಮೇಲೆ ಸಣ್ಣ ಮುಳ್ಳುಗಳಿವೆ. ಅವು ಎಷ್ಟು, ದಂಡದ ಎಷ್ಟು ಭಾಗದವರೆಗೆ ಹೋಗಿವೆ, ಅದರಲ್ಲಿ ಈ ಎರಡೂ ಜಾತಿ ಬೇರೆಯಾಗುತ್ತವೆ. ಒಂದು ಸಲ ಪಕ್ಕದಿಂದ, ಒಂದು ಸಲ ಕೆಳಗಿನಿಂದ ನೋಡಿ ಎರಡೂ ಚಿತ್ರ ಬಿಡಿಸಿ. ಚಿತ್ರ ಅಂದವಾಗಿ ಬರಬೇಕಿಲ್ಲ. ಕೈಯಿಂದ ಬಿಡಿಸುವಾಗ ಕಣ್ಣು ನೋಡುವ ಹಾಗೆ ಫೋಟೊ ತೆಗೆಯುವಾಗ ನೋಡುವುದಿಲ್ಲ.

ಕೆಲಸ ಮುಗಿದ ಮೇಲೆ ಆ ಹೊಟ್ಟೆಯನ್ನು ಎಸೆಯಬೇಡಿ. ಗ್ಲಿಸರಿನ್ ಇರುವ ಪುಟ್ಟ ಕೊಳವೆಯೊಳಗೆ ಹಾಕಿ, ಅದೇ ಹುಳುವಿನ ಪಿನ್ನಿಗೆ ಚುಚ್ಚಿಡಿ. ಹುಳು ಒಂದು ಕಡೆ, ಅದರ ಹೊಟ್ಟೆ ಇನ್ನೊಂದು ಕಡೆ ಆಯಿತೆಂದರೆ ನಾಳೆ ನಿಮ್ಮ ಮಾತನ್ನು ಯಾರೂ ಪರೀಕ್ಷಿಸಲು ಆಗುವುದಿಲ್ಲ.

ಪ್ರಶ್ನೆ – ಅದೇ ವಿದ್ಯಾರ್ಥಿನಿ

ತುಂಬಾ ಧನ್ಯವಾದ ಸರ್. ಹೆಣ್ಣು ಹುಳು, ಅಪ್ಸರೆ ಹುಳು (ಇನ್ನೂ ರೆಕ್ಕೆ ಬಲಿಯದ ಮರಿ) ಮಾತ್ರ ಸಿಕ್ಕರೆ ಏನು ಮಾಡುವುದು? ಡಿ.ಎನ್.ಎ. ಮಾಡಿಸಿದರೆ ಇದೆಲ್ಲ ಬೇಡವಾ?

ಉತ್ತರ

ಹೆಣ್ಣಿನಲ್ಲಿ ಹೊಟ್ಟೆಯ ಏಳನೆಯ ಕೆಳಫಲಕದ ಹಿಂಬದಿ ಅಂಚು ನೋಡಬಹುದು. ಕೆಲವು ಗುಂಪುಗಳಲ್ಲಿ ಅದು ನೇರ, ಕೆಲವದರಲ್ಲಿ ನಡುವೆ ಕಚ್ಚು ಬಿದ್ದಿರುತ್ತದೆ. ಎಲ್ಲ ಜಾತಿಗೂ ಅದು ಸಾಲುವುದಿಲ್ಲ. ಅಪ್ಸರೆಗಳಲ್ಲಂತೂ ಅಂಗವೇ ಬೆಳೆದಿರುವುದಿಲ್ಲ. ಅಂಥ ಕಡೆ ಡಿ.ಎನ್.ಎ. ಬಹಳ ಉಪಕಾರಿ. ಆದರೆ ಹೋಲಿಸಿ ನೋಡಲು ಮೊದಲೇ ಇರುವ ಡಿ.ಎನ್.ಎ. ಮೇಲೆ ಹೆಸರು ಬರೆದವರು ಯಾರು? ಯಾರೋ ಒಬ್ಬರು ಗಂಡು ಹುಳುವನ್ನು ಬಿಚ್ಚಿ ನೋಡಿಯೇ ಬರೆದಿರಬೇಕು. ಅಲ್ಲಿ ತಪ್ಪಿದ್ದರೆ ನಿಮ್ಮ ಉತ್ತರವೂ ತಪ್ಪು. ಆದ್ದರಿಂದ ಎರಡನ್ನೂ ಒಂದೇ ಹುಳುವಿನಲ್ಲಿ ಮಾಡಿ. ಹುಳುವನ್ನು ಅರೆಯದೆ ಡಿ.ಎನ್.ಎ. ತೆಗೆಯುವ ವಿಧಾನ ಇದೆ, ಚಿಪ್ಪು ಹಾಗೇ ಉಳಿಯುತ್ತದೆ, ಅಂಗವನ್ನು ಆಮೇಲೆ ನೋಡಬಹುದು. ಇದಕ್ಕೆ ಹುಳು ಹಿಡಿದ ದಿನವೇ ಗಟ್ಟಿ ಆಲ್ಕೋಹಾಲಿನಲ್ಲಿ ಹಾಕಿ ತಣ್ಣಗೆ ಇಡಬೇಕು.

ಪ್ರಶ್ನೆ – ಅಮೆರಿಕದ ಜಾರ್ಜಿಯಾದಿಂದ, ಹಿತ್ತಲ ತೋಟ ಮಾಡುವವರು

ನಾನು ಮೂಲ ಹಾವೇರಿಯವಳು, ಮನೆ ಹಿಂದೆ ಬೆಂಡೆ, ಬದನೆ ಹಾಕಿದ್ದೇನೆ. ಬೆಂಡೆ ಎಲೆಯ ಅಂಚು ಹಳದಿಯಾಗಿ, ಮೇಲೆ ಮುದುರಿ, ಆಮೇಲೆ ಸುಟ್ಟ ಹಾಗೆ ಕೆಂಪಾಗಿದೆ. ಎಲೆಯ ಕೆಳಗೆ ಎಳ್ಳಿಗಿಂತ ಸಣ್ಣ ಹಸಿರು ಹುಳು, ಮುಟ್ಟಲು ಹೋದರೆ ಅಡ್ಡಡ್ಡ ಓಡುತ್ತವೆ. ಅಪ್ಪನ ಹತ್ತಿ ಹೊಲದಲ್ಲಿ ಚಿಕ್ಕವಳಿದ್ದಾಗ ನೋಡಿದ ಹುಳುವಿನ ಹಾಗೇ ಇದೆ. ಇಲ್ಲಿ ಹೇಗೆ ಬಂತು?

ಉತ್ತರ

ನಿಮ್ಮ ನೆನಪು ಸರಿಯೇ ಇರಬಹುದು. ಹಾವೇರಿ ಕಡೆಯ ಹತ್ತಿಯಲ್ಲಿ, ಬೆಂಡೆಯಲ್ಲಿ ಬರುವ ಹಸಿರು ಜಿಗಿಹುಳು ಅಮ್ರಾಸ್ಕ ಬಿಗಟ್ಟುಲ. ಅದು ಮೂಲತಃ ನಮ್ಮ ಏಷ್ಯಾ ಭಾಗದ್ದು. 2023ರಲ್ಲಿ ಪೋರ್ಟೊ ರಿಕೊದಲ್ಲಿ ಕಾಣಿಸಿತು, ಆಮೇಲೆ ಫ್ಲಾರಿಡಾ, ಅಲ್ಲಿಂದ ನಿಮ್ಮ ಕಡೆಯ ರಾಜ್ಯಗಳಿಗೂ ಹರಡಿದೆ.

ರೆಕ್ಕೆ ಬಂದ ದೊಡ್ಡ ಹುಳು ಹುಡುಕಿ, ಸುಮಾರು ಎರಡೂವರೆ ಮಿಲಿಮೀಟರ್ ಉದ್ದ. ಎರಡೂ ರೆಕ್ಕೆಯ ತುದಿಯ ಹತ್ತಿರ ಒಂದೊಂದು ಕಪ್ಪು ಚುಕ್ಕೆ, ನೆತ್ತಿಯ ಮೇಲೆ ಎರಡು ಚಿಕ್ಕ ಚುಕ್ಕೆ ಇವೆಯಾ ನೋಡಿ. ಇದ್ದರೆ ಅನುಮಾನ ಬಲವಾಗುತ್ತದೆ. ಆದರೆ ಈ ಹಸಿರು ಗುಂಪು, ಟಿಫ್ಲೊಸಿಬಿನೇ ಅನ್ನುತ್ತೇವೆ, ಅದರಲ್ಲಿ ಅಮೆರಿಕದ ಸ್ವಂತ ಹುಳುಗಳೂ ಬಹಳ ಇವೆ, ಎಲ್ಲವೂ ಹಸಿರು, ಎಲ್ಲವೂ ಪುಟ್ಟವು. ಅದಕ್ಕೇ ಅಲ್ಲಿನ ಕೃಷಿ ವಿಸ್ತರಣಾ ಕಚೇರಿಗೆ ಮಾದರಿ ತಲುಪಿಸಿ. ಹೊಸದಾಗಿ ಬಂದ ಹುಳುವಿನ ವಿಷಯದಲ್ಲಿ ನಿಮ್ಮ ಹಿತ್ತಲಿನ ನಾಲ್ಕು ಹುಳುವೂ ಅವರಿಗೆ ಬೆಲೆಬಾಳುವ ದಾಖಲೆ.

ಪ್ರಶ್ನೆ – ತರಕಾರಿ ಬೆಳೆಗಾರ, ಮಾಲೂರು

ಬದನೆ ಗಿಡದಲ್ಲಿ ಎಲೆ ಪುಟಾಣಿಯಾಗಿ ಪೊದೆ ಕಟ್ಟಿದೆ, ಕಾಯಿ ಇಲ್ಲ. ಅದನ್ನೂ ಈ ಹಸಿರು ಹುಳುವೇ ತರುತ್ತದಾ? ಗಿಡದಲ್ಲಿ ಕಂದು ಹುಳುವೂ ಸಿಕ್ಕಿದೆ. ರೆಕ್ಕೆ ಮುಚ್ಚಿಕೊಂಡು ಕೂತರೆ ಬೆನ್ನ ಮೇಲೆ ದುಂಡಗೆ ಕಂದು ಕಲೆ ಕಾಣುತ್ತದೆ.

ಉತ್ತರ

ಕಲೆಯನ್ನು ಗಮನಿಸಿ ಬರೆದಿದ್ದೀರಿ, ಸಂತೋಷವಾಯಿತು. ನೀವು ಹೇಳಿದ ರೋಗ ಬದನೆಯ ಕಿರು ಎಲೆ ರೋಗ. ಫೈಟೊಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ. ಅದನ್ನು ಮುಖ್ಯವಾಗಿ ಹೊತ್ತು ತರುವುದು ಆ ಕಂದು ಹುಳುವೇ, ಹಿಶಿಮೊನಸ್ ಫೈಸಿಟಿಸ್. ಒಂದೊಂದು ರೆಕ್ಕೆಯ ಒಳ ಅಂಚಿನಲ್ಲಿ ಅರ್ಧ ಕಲೆ ಇರುತ್ತದೆ, ರೆಕ್ಕೆ ಮುಚ್ಚಿದಾಗ ಎರಡೂ ಸೇರಿ ದುಂಡಗಾಗುತ್ತದೆ. ಹಿಶಿಮೊನಸ್‌ನ ಬೇರೆ ಜಾತಿಗಳಿಗೂ ಇಂಥದೇ ಕಲೆ ಇದೆ, ಹಾಗಾಗಿ ಇಲ್ಲಿಯೂ ಗಂಡಿನ ಈಡೀಗಸ್ ನೋಡಬೇಕು. ಈ ಗುಂಪಿನಲ್ಲಿ ಅದು ಎರಡು ಕವಲಾಗಿ, ಎರಡಕ್ಕೂ ಒಂದೊಂದು ರಂಧ್ರ ಇರುತ್ತದೆ. ನನಗೆ ಮೊದಲ ಸಲ ನೋಡಿದಾಗ ಆದ ಆಶ್ಚರ್ಯ ಇನ್ನೂ ನೆನಪಿದೆ. ರೋಗ ಹತ್ತಿದ ಗಿಡ ಸರಿಹೋಗುವುದಿಲ್ಲ, ಕಿತ್ತು ನಾಶ ಮಾಡಿ, ಉಳಿದ ಗಿಡಗಳಿಗಾದರೂ ಹರಡದಿರಲಿ.

ಪ್ರಶ್ನೆ – ಅಡಿಕೆ ಬೆಳೆಗಾರ, ಸುಳ್ಯ

ನಮ್ಮ ಅಡಿಕೆಯ ಹಳದಿ ಎಲೆ ರೋಗವೂ ಜಿಗಿಹುಳುವಿನಿಂದಲೇ ಅಂತ ಕೇಳಿದ್ದೇನೆ. ಅದು ಮಾವಿನ ಜಾತಿಯದ್ದಾ, ಭತ್ತದ ಜಾತಿಯದ್ದಾ?

ಉತ್ತರ

ಪ್ರೌಟಿಸ್ಟ ಮೊಯೆಸ್ಟ. ಅದು ಪ್ಲಾಂಟ್‌ಹಾಪರ್ ಕಡೆಯದು, ಅಂದರೆ ಭತ್ತದ ಕಂದು ಹುಳುವಿನ ದೂರದ ನೆಂಟ, ಆದರೆ ಕುಟುಂಬ ಬೇರೆ, ಡರ್ಬಿಡೇ. ಹಿಂಗಾಲಲ್ಲಿ ಸಾಲು ಮುಳ್ಳು ಇರುವುದಿಲ್ಲ, ಕಂದು ಹುಳುವಿನ ಆ ಅಲುಗಾಡುವ ಮುಳ್ಳೂ ಇರುವುದಿಲ್ಲ, ಏಕೆಂದರೆ ಅದು ಡೆಲ್ಫಾಸಿಡೇ ಕುಟುಂಬಕ್ಕೆ ಮಾತ್ರ ಸೇರಿದ್ದು. ರೆಕ್ಕೆ ಉದ್ದವಾಗಿ ಮೈಯಿಂದ ಆಚೆ ಚಾಚಿರುತ್ತದೆ.

ಪ್ರಶ್ನೆ – ಶ್ರೀನಿವಾಸಪುರದ ಬೆಳೆಗಾರ, ಮತ್ತೆ

ಸರ್, ಇದನ್ನೆಲ್ಲ ಓದಿ ಮಗನಿಗೆ ಆಸಕ್ತಿ ಬಂದಿದೆ. ನಮ್ಮ ತೋಟದ ಹುಳುವನ್ನೇ ನಿಮಗೆ ಕಳಿಸಬಹುದಾ? ಗಂಡು ನೋಡಿ ಹೆಸರು ಹೇಳುತ್ತೀರಾ?

ಉತ್ತರ

ಖಂಡಿತ ಕಳಿಸಿ. ಹೂ ತೆನೆಯ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಅಲುಗಾಡಿಸಿದರೆ ಬೇಕಾದಷ್ಟು ಬೀಳುತ್ತವೆ. ಮೂರು ಚುಕ್ಕೆಯವು, ಎರಡು ಚುಕ್ಕೆಯವು ಅಂತ ನೀವೇ ಬೇರೆ ಮಾಡಬೇಡಿ, ಸಿಕ್ಕಿದ್ದೆಲ್ಲ ಹಾಗೇ ಹಾಕಿ. ಕಾಂಡದ ಮೇಲೆ ಸಿಕ್ಕಿದ್ದು ಒಂದು ಶೀಶೆ, ಹೂವಿನಲ್ಲಿ ಸಿಕ್ಕಿದ್ದು ಇನ್ನೊಂದು ಶೀಶೆ. ಶೇಕಡಾ 70ರ ಆಲ್ಕೋಹಾಲ್ ಸಾಕು. ಒಂದೊಂದರಲ್ಲೂ ಇಪ್ಪತ್ತು ಮೂವತ್ತು ಇರಲಿ, ಆಗ ಗಂಡು ಸಿಗುವುದು ಖಂಡಿತ. ಊರು, ದಿನಾಂಕ, ಮಾವಿನ ತಳಿ, ಹಿಡಿದವರ ಹೆಸರು, ಇಷ್ಟನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಶೀಶೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ, ಹೊರಗೆ ಅಂಟಿಸಿದ ಚೀಟಿ ಅಂಚೆಯಲ್ಲಿ ಕಿತ್ತುಹೋಗುತ್ತದೆ. ಹಿಡಿದವರ ಹೆಸರಿನ ಜಾಗದಲ್ಲಿ ಮಗನ ಹೆಸರು ಬರೆಯಿರಿ. ಹುಳು ಸಂಗ್ರಹಕ್ಕೆ ಸೇರಿದಾಗ ಆ ಚೀಟಿಯೂ ಅದೇ ಪಿನ್ನಿನಲ್ಲಿ ಇರುತ್ತದೆ.